ಗಾಳಿಯ ಲೆಕ್ಕ, ಮರಳಿನ ತೂಕ

ನಿರ್ಜನ ಕಡಲತೀರದಲ್ಲಿ ಮಕ್ಕಳೊಂದಿಗೆ ಡೇರೆ ಹಾಕಿ ರಾತ್ರಿ ಕಳೆಯಲು ಹೊರಟವರು ಕುಡಿಯುವ ನೀರು, ಟಾರ್ಚು, ಔಷಧಿ ಎಲ್ಲದರ ಪಟ್ಟಿ ಮಾಡುತ್ತಾರೆ. ಗಾಳಿಯ ಮಾತು ಬಂದಾಗ ಮಾತ್ರ "ಉದ್ದನೆಯ ಗೂಟ ಒಯ್ದರಾಯಿತು" ಎಂದು ಮುಗಿಸಿಬಿಡುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ವಿದ್ಯುತ್ತಿಲ್ಲದೆ ಎರಡು ದಿನ ಸುಖವಾಗಿ ಇರಬಹುದು. ಹತ್ತಿರ ಊರಿಲ್ಲದ ಕಡೆ ನಡುರಾತ್ರಿ ಡೇರೆ ಹಾರಿಹೋದರೆ ಏನು ಮಾಡುವುದು?

ಗಂಟೆಗೆ 18 ಕಿ.ಮೀ. ವೇಗದ ಗಾಳಿ ಮೈಗೆ ಹಿತ. ಮೂರು ಚದರ ಮೀಟರ್ ಬಟ್ಟೆಗೆ ನೇರವಾಗಿ ಬೀಸಿದರೆ ಅದು ತಳ್ಳುವ ಬಲ ಸುಮಾರು ನಾಲ್ಕೂವರೆ ಕೆ.ಜಿ. ತೂಕದಷ್ಟು. ವೇಗ 36ಕ್ಕೇರಿದರೆ ಈ ಬಲ ಒಂಬತ್ತಲ್ಲ, ಹದಿನೆಂಟು ಕೆ.ಜಿ. ಆಗುತ್ತದೆ. 54ಕ್ಕೆ ನಲವತ್ತು ದಾಟುತ್ತದೆ. ವೇಗ ಇಮ್ಮಡಿಯಾದಾಗ ಪ್ರತಿ ಸೆಕೆಂಡಿಗೆ ಇಮ್ಮಡಿ ಗಾಳಿ ಬಂದು ಬಡಿಯುತ್ತದೆ, ಅದರ ಒಂದೊಂದು ಪಾಲೂ ಇಮ್ಮಡಿ ಜೋರಿನಿಂದ ಬಡಿಯುತ್ತದೆ, ಎರಡೆರಡ್ಲಿ ನಾಲ್ಕು. ಸಂಜೆ ಅಲುಗದೆ ನಿಂತ ಡೇರೆ ರಾತ್ರಿಯೂ ನಿಲ್ಲುತ್ತದೆ ಎಂಬ ಧೈರ್ಯ, ವೇಗವನ್ನು ವೇಗದಿಂದಲೇ ಗುಣಿಸುವ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಒಣ ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಅದರಲ್ಲಿ ಹೊಡೆದ ತೆಳ್ಳನೆಯ ಗೂಟ ಸಕ್ಕರೆ ಡಬ್ಬಿಯೊಳಗಿನ ಚಮಚದಂತೆ, ಎಳೆದರೆ ಸಲೀಸಾಗಿ ಬರುತ್ತದೆ. ಆದರೆ ಅದೇ ಮರಳಿಗೆ ತೂಕವಿದೆಯಲ್ಲ! ಬಟ್ಟೆಯ ಚೀಲಕ್ಕೆ ಮರಳು ತುಂಬಿ, ನಡುವಿಗೆ ಡೇರೆಯ ಹಗ್ಗ ಬಿಗಿದು, ಹೂತುಬಿಡಿ. ಚೀಲ 30 ಸೆಂ.ಮೀ. ಉದ್ದಗಲದ್ದಾಗಿದ್ದು, ಅದರ ಮೇಲೆ 40 ಸೆಂ.ಮೀ. ಮರಳು ಮುಚ್ಚಿದರೆ ನೆತ್ತಿಯ ಮೇಲಿನ ಮರಳೇ 50 ಕೆ.ಜಿ. ಮೀರುತ್ತದೆ. ಚೀಲ ಮೇಲೇಳಬೇಕಾದರೆ ಅದನ್ನಷ್ಟೇ ಎತ್ತಿದರೆ ಸಾಲದು, ಕಣಗಳ ನಡುವಿನ ಘರ್ಷಣೆಯಿಂದಾಗಿ ಸುತ್ತಲಿನ ಮರಳೂ ಜೊತೆಗೆ ಏಳಬೇಕು. ಆಳ ಹೆಚ್ಚಿದಂತೆ ಹಿಡಿತ ಭರ್ರನೆ ಏರುವುದು ಇದಕ್ಕೇ. ನನಗೆ ಬಹಳ ಇಷ್ಟವಾದ ಉಪಾಯವಿದು: ಹೊತ್ತೊಯ್ಯಬೇಕಾದದ್ದು ಖಾಲಿ ಚೀಲಗಳನ್ನು ಮಾತ್ರ.

ಗಾಳಿಗೆ ಮರಳು ಹೇಗೆ ಹಾರುತ್ತದೆ ಎಂಬುದನ್ನು ಆಳವಾಗಿ ಅಭ್ಯಾಸ ಮಾಡಿದವರಲ್ಲಿ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಪ್ರಮುಖರು. ಲಿಬಿಯಾದ ಮರುಭೂಮಿಯಲ್ಲಿ ಮೋಟಾರು ಗಾಡಿ ಓಡಿಸುತ್ತ ಅಲೆದಾಡಿದ ಅವರು 1930ರ ದಶಕದಲ್ಲಿ ಗಾಳಿಸುರಂಗ ಕಟ್ಟಿ ಮರಳು ಹಾರಿಸಿ ನೋಡಿದರು. 1944ರಲ್ಲಿ ಬ್ರಿಟನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಸದಸ್ಯರೂ ಆದರು. ಮರಳು ಧೂಳಿನಂತೆ ತೇಲುವುದಿಲ್ಲ, ಜಿಗಿಯುತ್ತದೆ. ಬಿದ್ದ ಕಣ ಇನ್ನಷ್ಟು ಕಣಗಳನ್ನು ಚಿಮ್ಮಿಸುತ್ತದೆ. ಹೀಗಾಗಿ ಹೆಚ್ಚಿನ ಮರಳು ಮೊಣಕಾಲಿನ ಕೆಳಗೇ ಓಡುತ್ತದೆ. ನಿಂತ ಅಪ್ಪ ಅಮ್ಮನಿಗೆ "ಏನಿಲ್ಲ" ಅನ್ನಿಸುವಾಗ ನೆಲದಲ್ಲಿ ಕೂತ ಮಗು ಕಣ್ಣುಜ್ಜಿಕೊಳ್ಳುವುದು ಹಟವಲ್ಲ. ಡೇರೆಯ ಮುಂದೆ ಕಡಲ ನೀರು ಚಿಮುಕಿಸಿದರೆ ಕಣಗಳು ಅಂಟಿಕೊಳ್ಳುತ್ತವೆ. ಒಣಗಿದ ಮೇಲೂ ಉಪ್ಪಿನ ಹಕ್ಕಳೆ ಸ್ವಲ್ಪ ಹೊತ್ತು ಹಿಡಿದಿರುತ್ತದೆ.

ಗಾಳಿಗೆ ಒಲೆ ಆರುತ್ತದೆಂದು ಡೇರೆಯೊಳಗೆ ಹಚ್ಚಲೇಬೇಡಿ. ಉರಿಯುವ ಒಲೆಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ.

ಇನ್ನು ದಿಕ್ಕಿನ ವಿಚಾರ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಹಾಗಾಗಿ ಶುಭ್ರ ದಿನದ ಮಧ್ಯಾಹ್ನ ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ಮೊದಲು ತಣಿದು, ಬಹುಪಾಲು ಮೆಲ್ಲಗೆ, ಗಾಳಿ ನೆಲದ ಕಡೆಯಿಂದ ಬೀಸತೊಡಗುತ್ತದೆ. ಕಡಲ ಕಡೆಗಷ್ಟೇ ಚೀಲ ಹೂತವರು ಮಲಗುವ ಮುನ್ನ ಹಿಂಬದಿಗೂ ಎರಡು ಹೂಳಲಿ.