ಪದ ಪರಿಚಯ: ಸೈಡ್ ಬಿಸಿನೆಸ್‌ನ ಬಿಸಿನೆಸ್ ಪ್ಲಾನ್

ಏನು ಮಾರುತ್ತೇವೆ, ಯಾರಿಗೆ, ಎಷ್ಟಕ್ಕೆ, ಖರ್ಚೆಷ್ಟು, ಕೈಗೆ ಉಳಿಯುವುದೆಷ್ಟು? ಇದನ್ನೆಲ್ಲ ವ್ಯಾಪಾರ ಶುರುವಾಗುವ ಮೊದಲೇ ಬರೆದಿಟ್ಟುಕೊಂಡರೆ ಅದೇ ಬಿಸಿನೆಸ್ ಪ್ಲಾನ್. ಸಾಲ ಕೇಳುವಾಗ, ಹೂಡಿಕೆದಾರರ ಮುಂದೆ ಹೋಗುವಾಗ ಇದು ಹತ್ತಾರು ಪುಟ ಬೆಳೆಯುತ್ತದೆ. ನೌಕರಿ ಬಿಡದೆ ಮಾಡುವ ಸಣ್ಣ ವ್ಯಾಪಾರಕ್ಕೆ ಒಂದು ಹಾಳೆ ಸಾಕು. ಸ್ವಿಟ್ಜರ್ಲೆಂಡ್‌ನ ಅಲೆಕ್ಸಾಂಡರ್ ಆಸ್ಟರ್‌ವಾಲ್ಡರ್ ರೂಪಿಸಿದ ‘ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್’ ದೊಡ್ಡ ಕಂಪನಿಯ ವ್ಯವಹಾರವನ್ನೂ ಒಂದೇ ಹಾಳೆಯ 9 ಚೌಕಗಳಲ್ಲಿ ಕೂರಿಸುತ್ತದೆ. ಆದರೆ ಅದರಲ್ಲಿ ನಿಮ್ಮ ಬಿಡುವಿನ ಗಂಟೆಗಳಿಗೆ ಅಂತ ಬೇರೆ ಚೌಕ ಇಲ್ಲ. ಸೈಡ್ ಬಿಸಿನೆಸ್‌ನಲ್ಲಿ ಹಣಕ್ಕಿಂತ ಮೊದಲು ಖಾಲಿಯಾಗುವುದು ಸಮಯವೇ. ಹಾಗಾಗಿ ನನ್ನ ಪ್ರಕಾರ ಹಾಳೆಯ ಮೊದಲ ಸಾಲು ಅದೇ ಆಗಬೇಕು: ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ?

ಬಟ್ಟೆ ಚೀಲ ಹೊಲಿದು ಮಾರುತ್ತೀರಿ ಎಂದುಕೊಳ್ಳೋಣ. ಒಂದು ಚೀಲದ ಬೆಲೆ 200. ಬಟ್ಟೆ, ದಾರ, ಪ್ಯಾಕಿಂಗ್ ಸೇರಿ ಖರ್ಚು 120. ಉಳಿಯುವುದು 80. ಒಂದೂ ಚೀಲ ಮಾರದಿದ್ದರೂ ಹೊಲಿಗೆ ಯಂತ್ರದ ಕಂತು, ಇಂಟರ್ನೆಟ್ ಬಿಲ್ಲು ಅಂತ ತಿಂಗಳಿಗೆ 2,400 ಕಟ್ಟಲೇಬೇಕು. 2,400 ಅನ್ನು 80ರಿಂದ ಭಾಗಿಸಿ: 30 ಚೀಲ. ಅಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದನ್ನೇ ಬ್ರೇಕ್-ಈವನ್ ಅನ್ನುವುದು.

ಜಾಸ್ತಿ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಈಗ ಗಂಟೆ ಸೇರಿಸಿ. ಕತ್ತರಿಸಿ, ಹೊಲಿದು, ಕಳಿಸುವುದಕ್ಕೆ ಚೀಲಕ್ಕೆ ಒಂದೂವರೆ ಗಂಟೆಯಾದರೆ 30 ಚೀಲಕ್ಕೆ 45 ಗಂಟೆ ಬೇಕು. ವಾರಕ್ಕೆ 8 ಗಂಟೆ ಬಿಡುವಿದ್ದರೆ ನಾಲ್ಕು ವಾರಕ್ಕೆ ಸಿಗುವುದು 32 ಮಾತ್ರ. ಅಂದರೆ ಹೊಲಿದದ್ದೆಲ್ಲ ಮಾರಾಟವಾದರೂ ನಷ್ಟವೇ! ಇದು ಹಾಳೆಯ ಮೇಲೇ ಗೊತ್ತಾದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ, ಅಲ್ವಾ? ಬೆಲೆಯನ್ನು 270 ಮಾಡಿ ನೋಡಿ. ಚೀಲಕ್ಕೆ 150 ಉಳಿಯುತ್ತದೆ. 16 ಚೀಲಕ್ಕೆ, ಅಂದರೆ 24 ಗಂಟೆಯಲ್ಲಿ, ತಿಂಗಳ ಖರ್ಚು ವಾಪಸ್ ಬರುತ್ತದೆ. ಮಿಕ್ಕ 8 ಗಂಟೆಯ ದುಡಿಮೆ ನಿಮ್ಮದು.

ಆದರೆ 270 ಕೊಡುವವರು ಇದ್ದಾರಾ? ‘ಗಿರಾಕಿ ಯಾರು’ ಎಂಬ ಸಾಲಿಗೆ ಉತ್ತರ ಸಿಗುವುದು ಇಲ್ಲಿ. ‘ಎಲ್ಲರೂ’ ಅಂತ ಬರೆದರೆ ಸುಮ್ನೆ ಜಾಗ ತುಂಬಿದ ಹಾಗೆ. ಯಾರು ಕೊಳ್ಳಬಹುದು ಅನಿಸುತ್ತದೋ ಅವರ ಮುಂದೆ ಒಂದು ಚೀಲ ಇಟ್ಟು ಬೆಲೆ ಹೇಳಿ. ‘ಚೆನ್ನಾಗಿದೆ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ದುಡ್ಡು ಕೊಟ್ಟು ಒಯ್ದವರನ್ನಷ್ಟೇ ಎಣಿಸಿ.

ಲಾಭ ಇದ್ದೂ ಕೈ ಖಾಲಿಯಾಗುವುದುಂಟು. ಬಟ್ಟೆಗೆ ಇವತ್ತೇ ದುಡ್ಡು ಕೊಡಬೇಕು, ಗಿರಾಕಿಯಿಂದ ಬರುವುದು ಮುಂದಿನ ತಿಂಗಳು. ಆ ನಡುವಿನ ದಿನಗಳಿಗೆ ಹಣ ಎಲ್ಲಿಂದ ಅನ್ನುವುದನ್ನೂ ಬರೆಯಿರಿ. ನೌಕರಿಯ ಒಪ್ಪಂದದಲ್ಲಿ ಬೇರೆ ವ್ಯಾಪಾರ ಮಾಡಬಾರದು ಅಂತ ಇದೆಯಾ ನೋಡಿ. ತೆರಿಗೆಗೂ ಒಂದಷ್ಟು ತೆಗೆದಿಡಿ.

ಇನ್ನೊಂದು ಸಾಲನ್ನು ದಯವಿಟ್ಟು ಬಿಡಬೇಡಿ: ಎಷ್ಟು ಹಣ ಹೋದರೆ, ಎಷ್ಟು ತಿಂಗಳು ಬ್ರೇಕ್-ಈವನ್ ಮುಟ್ಟದಿದ್ದರೆ ನಿಲ್ಲಿಸುತ್ತೀರಿ? ನಷ್ಟ ಶುರುವಾದ ಮೇಲೆ ಈ ಅಂಕಿ ಬರೆಯಲು ಕೂತರೆ ಅದು ದೊಡ್ಡದಾಗುತ್ತಲೇ ಹೋಗುತ್ತದೆ.