ಅಭಿಧಮನಿ ಕಟ್ಟಿದ ಕಣ್ಣಿನಲ್ಲಿ ಹೊಸ ರಕ್ತನಾಳಗಳೇಕೆ ಹುಟ್ಟುತ್ತವೆ?

ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ರಕ್ತವನ್ನು ಹೊರಗೊಯ್ಯುವ ಕೇಂದ್ರ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ರೋಗವನ್ನು ಜರ್ಮನಿಯ ಯೂಲಿಯಸ್ ಫಾನ್ ಮಿಷೆಲ್ 1878ರಲ್ಲಿ ವಿವರಿಸಿದರು. ಆದರೆ ಇಂಥ ಕಣ್ಣುಗಳಲ್ಲಿ ಅಳಿದುಳಿದ ದೃಷ್ಟಿಯನ್ನೂ ಕಸಿಯುವುದು ಅನೇಕ ವೇಳೆ ಆ ತಡೆಯಲ್ಲ, ತಿಂಗಳುಗಳ ಬಳಿಕ ಬೆಳೆಯುವ ದುರ್ಬಲವಾದ ಹೊಸ ರಕ್ತನಾಳಗಳು. ಅವು ಅಕ್ಷಿಪಟಲದ ಮೇಲೆ ಚಿಗುರಿದರೆ ಒಡೆದು ಕಣ್ಣಿನೊಳಗೆ ರಕ್ತ ಸುರಿಸುತ್ತವೆ. ಪಾಪೆಯ ಸುತ್ತಲಿನ ಬಣ್ಣದ ಪೊರೆಯಾದ ಐರಿಸ್ ಮೇಲೆ ಹಬ್ಬಿ ದ್ರವ ಹೊರಹೋಗುವ ಮೂಲೆಯನ್ನು ಮುಚ್ಚಿದರೆ ಒತ್ತಡ ಏರಿ, ತೀವ್ರ ನೋವಿನ ಗ್ಲಾಕೋಮಾ ಉಂಟಾಗುತ್ತದೆ. ಸುಮಾರು ಮೂರು ತಿಂಗಳಿಗೆ ತಲೆದೋರುವ ಇದನ್ನು ವೈದ್ಯರು ‘ನೂರು ದಿನಗಳ ಗ್ಲಾಕೋಮಾ’ ಎಂದೇ ಕರೆಯುತ್ತ ಬಂದಿದ್ದಾರೆ.

ತಡೆಯಿರುವುದು ಕಣ್ಣಿನ ಹಿಂಭಾಗದಲ್ಲಿ. ಹಾಗಿರುವಾಗ ನಾಳಗಳು ಮುಂಭಾಗದ ಐರಿಸ್‌ನಲ್ಲಿ ಬೆಳೆಯುವುದೇಕೆ? ನೇತ್ರವೈದ್ಯ ಐಸಾಕ್ ಮೈಕೆಲ್ಸನ್ 1948ರಲ್ಲಿ, ಅಕ್ಷಿಪಟಲವೇ ಹರಡಬಲ್ಲ ಒಂದು ರಾಸಾಯನಿಕವನ್ನು ಸ್ರವಿಸಿ ನಾಳಗಳನ್ನು ಬೆಳೆಸುತ್ತದೆ ಎಂದು ಊಹಿಸಿದ್ದರು. ಆಮ್ಲಜನಕ ಸಾಲದ ಅಂಗಾಂಶ ಹಸಿವಿನಿಂದ ಕೂಗುತ್ತದೆ, ಆ ಕೂಗು ಕಣ್ಣಿನ ದ್ರವದ ಮೂಲಕ ದೂರಕ್ಕೂ ತಲುಪುತ್ತದೆ ಎಂಬ ಈ ವಿಚಾರ, ಕಣ್ಣಿನ ವೈದ್ಯಶಾಸ್ತ್ರದ ಅತ್ಯಂತ ಫಲವತ್ತಾದ ಊಹೆಗಳಲ್ಲಿ ಒಂದೆಂದು ನನ್ನ ಭಾವನೆ.

ಆ ರಾಸಾಯನಿಕ ಸಿಗುವ ಮೊದಲೇ ಚಿಕಿತ್ಸೆ ಬಂದಿತ್ತು. ಹಸಿದ ಅಕ್ಷಿಪಟಲದ ಭಾಗಗಳನ್ನು ಲೇಸರ್‌ನಿಂದ ಸುಟ್ಟರೆ ಆಮ್ಲಜನಕದ ಬೇಡಿಕೆ ತಗ್ಗುತ್ತದೆ. ಕೇಂದ್ರ ಅಭಿಧಮನಿಯ ಕವಲಾದ ಶಾಖಾ ಅಭಿಧಮನಿಯ ತಡೆಯಲ್ಲಿ ಇದು ಹೊಸ ನಾಳಗಳನ್ನೂ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆಂದು ಅಮೆರಿಕದ ಬಹುಕೇಂದ್ರ ಅಧ್ಯಯನವೊಂದು 1986ರಲ್ಲಿ ತೋರಿಸಿತು. ಕೇಂದ್ರ ಅಭಿಧಮನಿಯ ತಡೆಯ ಕುರಿತ ಇನ್ನೊಂದು ಅಧ್ಯಯನ 1995ರಲ್ಲಿ, ಮುಂಜಾಗ್ರತೆಯಾಗಿ ಸುಡುವ ಬದಲು ರೋಗಿಯನ್ನು ಮೇಲಿಂದ ಮೇಲೆ ಪರೀಕ್ಷಿಸುತ್ತ, ಐರಿಸ್‌ನಲ್ಲಿ ನಾಳ ಕಂಡ ಕೂಡಲೇ ಲೇಸರ್ ಬಳಸುವುದು ಲೇಸೆಂದಿತು. ಮೊದಲು ರಕ್ತಸಂಚಾರ ಸಾಕಷ್ಟಿದ್ದ ಕಣ್ಣುಗಳಲ್ಲೂ ಸುಮಾರು ಮೂರನೇ ಒಂದು ಭಾಗ 3 ವರ್ಷಗಳೊಳಗೆ ರಕ್ತಸಂಚಾರ ಸಾಲದ ಸ್ಥಿತಿಗೆ ಜಾರಿದ್ದನ್ನೂ ಅದು ದಾಖಲಿಸಿತು.

ಕೊನೆಗೆ ಆ ರಾಸಾಯನಿಕವೂ ಸಿಕ್ಕಿತು: ವಿಜ್ಞಾನಿ ನೆಪೊಲಿಯೋನ್ ಫೆರಾರಾ 1989ರಲ್ಲಿ ಬೇರ್ಪಡಿಸಿದ, ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನು, ಇಂಥ ರೋಗಿಗಳ ಕಣ್ಣಿನ ದ್ರವದಲ್ಲಿ ಹೆಚ್ಚಿರುವುದು 1994ರಲ್ಲಿ ಪತ್ತೆಯಾಯಿತು. ಅದನ್ನು ತಡೆಯುವ ರಾನಿಬಿಜುಮ್ಯಾಬ್ ಚುಚ್ಚುಮದ್ದಿಗೆ, ಅಭಿಧಮನಿ ತಡೆಯಿಂದಾಗುವ ಅಕ್ಷಿಪಟಲದ ಊತಕ್ಕಾಗಿ, 2010ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಭಾರತದಲ್ಲಿ ಅದೇ ಪ್ರೋಟೀನನ್ನು ತಡೆಯುವ ಅಗ್ಗದ ಬೆವಾಸಿಜುಮ್ಯಾಬ್ ವ್ಯಾಪಕವಾಗಿ ಬಳಕೆಯಾಗುತ್ತಿದೆ.

ಆದರೆ ಮದ್ದಿನ ಪ್ರಭಾವ ಕೆಲವೇ ವಾರಗಳದ್ದು, ರಕ್ತ ಕಳೆದುಕೊಂಡ ಅಕ್ಷಿಪಟಲ ಮಾತ್ರ ಹಾಗೆಯೇ ಉಳಿಯುತ್ತದೆ. ಊತ ಇಳಿದು ಚುಚ್ಚುಮದ್ದು ನಿಂತ ಬಳಿಕ, ನೂರು ದಿನಗಳ ಲೆಕ್ಕ ಮೀರಿ, ವರ್ಷದ ಮೇಲೂ ಹೊಸ ನಾಳಗಳು ಮೂಡಬಹುದು. ಆದ್ದರಿಂದಲೇ ದೃಷ್ಟಿ ಸುಧಾರಿಸಿದ ರೋಗಿಯನ್ನೂ ವೈದ್ಯರು ಮತ್ತೆ ಮತ್ತೆ ಕರೆಸಿ, ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಐರಿಸ್‌ನ ಅಂಚನ್ನು ಪರೀಕ್ಷಿಸುತ್ತಾರೆ.