ನಾರ್ವೆಯ ಫಿಯೋರ್ಡ್ ನೋಡಲು ಹಡಗೇ, ಕಾರೇ, ರೈಲೇ?

ಓದುಗರ ಪ್ರಶ್ನೆ: ಬೇಸಿಗೆಯಲ್ಲಿ ನಾರ್ವೆಗೆಂದು ಎಂಟು ದಿನ ಎತ್ತಿಟ್ಟಿದ್ದೇವೆ. ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲಿನ ತೋಳುಗಳಾದ ಫಿಯೋರ್ಡ್‌ಗಳನ್ನು ಕಣ್ತುಂಬ ನೋಡಬೇಕು ಅನ್ನೋದೊಂದೇ ಆಸೆ. ಒಬ್ಬರು ಕ್ರೂಸ್ ಹತ್ತಿ ಅಂತಾರೆ, ಇನ್ನೊಬ್ಬರು ಕಾರು ಬಾಡಿಗೆ ಹಿಡೀರಿ ಅಂತಾರೆ, ಟ್ರಾವೆಲ್ ಏಜೆಂಟರು ಗ್ರೂಪ್ ಟೂರ್ ಬಿಟ್ಟು ಬೇರೆ ಮಾತೇ ಆಡುತ್ತಿಲ್ಲ. ಜೊತೆಗೆ ಎಪ್ಪತ್ತರ ಆಸುಪಾಸಿನ ಅಪ್ಪ ಅಮ್ಮ ಇರುತ್ತಾರೆ. ಯಾವುದನ್ನು ಆರಿಸಬೇಕು?

ಉತ್ತರ: ಪಶ್ಚಿಮ ಕರಾವಳಿಯ ಬೆರ್ಗೆನ್ ನಗರಕ್ಕೆ ಹೋಗಿ ಇಳಿಯಿರಿ. ಅಲ್ಲಿಂದ ರೈಲು, ದೋಣಿ, ಬಸ್ಸುಗಳಲ್ಲೇ ಒಂದು ಸುತ್ತು ಹಾಕಿ, ನಡುವೆ ನಾಲ್ಕೈದು ರಾತ್ರಿ ಫಿಯೋರ್ಡಿನ ದಂಡೆಯ ಊರುಗಳಲ್ಲೇ ತಂಗಿ. ನಿಮ್ಮ ತಂಡಕ್ಕೆ ನಾವು ಹೇಳುವುದು ಇದನ್ನೇ. ಕಾರಿಗೂ ಕ್ರೂಸಿಗೂ ಅವುಗಳದೇ ಆದ ಸಮಯವಿದೆ, ಅದನ್ನೂ ಮುಂದೆ ಹೇಳುತ್ತೇವೆ. ಆದರೆ ಯಾವ ಟಿಕೆಟ್ ಕೊಳ್ಳುವ ಮುನ್ನವೂ ಒಂದು ಲೆಕ್ಕ ಹಾಕಿ: ಈ ಯೋಜನೆಯಲ್ಲಿ ಎಷ್ಟು ಸಂಜೆ, ಎಷ್ಟು ಬೆಳಗ್ಗೆ ನೀವು ನೀರಿನ ಪಕ್ಕದಲ್ಲಿ ಇರುತ್ತೀರಿ?

ಯಾಕೆಂದರೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಫ್ಲೋಮ್, ಗೈರಂಗರ್‌ನಂಥ ಪುಟ್ಟ ಊರುಗಳು ಹಡಗಿನಿಂದ ಇಳಿದ ಸಾವಿರಾರು ಜನರಿಂದ ತುಂಬಿರುತ್ತವೆ. ಹಡಗುಗಳು ಹೊರಟ ಮೇಲೆ ಅದೇ ಊರು ಖಾಲಿ. ಜೂನ್ ಕೊನೆಯಲ್ಲಿ ಬೆರ್ಗೆನ್ ಆಸುಪಾಸಿನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹನ್ನೊಂದು ದಾಟಿದ ಮೇಲೆ, ಮತ್ತೆ ಹುಟ್ಟುವುದು ನಾಲ್ಕರ ಸುಮಾರಿಗೆ. ಅಂದರೆ ನೋಡಲು ಒಳ್ಳೆಯ ಬೆಳಕಿನ ಹೊತ್ತು ಇನ್ನೂ ಆರೇಳು ಗಂಟೆ ಬಾಕಿ ಇರುತ್ತದೆ. ಆ ಹೊತ್ತಿಗೆ ಬಸ್ಸಿನಲ್ಲಿ ಮುಂದಿನ ಊರಿಗೆ ಓಡುತ್ತಿದ್ದರೆ ಬಂದದ್ದೇ ದಂಡ.

ಎಲ್ಲಿಗೆ ಹೋಗಬೇಕು ಅನ್ನುವುದಕ್ಕೂ ಕಾರಣವಿದೆ. ಹಿಮಯುಗಗಳಲ್ಲಿ ಹಿಮನದಿಗಳು ಕಣಿವೆಗಳನ್ನು ಸಮುದ್ರಮಟ್ಟಕ್ಕಿಂತ ಕೆಳಗಿನವರೆಗೆ ಕೊರೆದು, ಹಿಮ ಕರಗಿದಾಗ ಅಲ್ಲಿ ಕಡಲು ತುಂಬಿಕೊಂಡದ್ದೇ ಫಿಯೋರ್ಡ್. ಒಳನಾಡಿನಲ್ಲಿ ಹಿಮ ದಪ್ಪವಾಗಿತ್ತು, ಆಳಕ್ಕೆ ಕೊರೆಯಿತು. ಕಡಲ ಬಾಯಿಗೆ ಬಂದಾಗ ಹರಡಿ ತೆಳುವಾಯಿತು. ಹಾಗಾಗಿ 1300 ಮೀಟರಿಗಿಂತ ಆಳವಿರುವ ಸೋಗ್ನೆಫಿಯೋರ್ಡ್ ಬಾಯಿಯ ಹತ್ತಿರ ಮಾತ್ರ ಅದಕ್ಕಿಂತ ತೀರಾ ಕಡಿಮೆ ಆಳದ್ದು. ಅಲ್ಲಿ ಬೆಟ್ಟಗಳೂ ತಗ್ಗು, ನೀರೂ ಅಗಲ. ಕಡಿದಾದ ಗೋಡೆ, ಮೇಲಿಂದ ಬೀಳುವ ಜಲಪಾತ, ಇಕ್ಕಟ್ಟಾದ ನೀರು ಇವೆಲ್ಲ ಇರುವುದು ಒಳಗಿನ ಕವಲುಗಳಲ್ಲಿ. ಸುಮಾರು 200 ಕಿಲೋಮೀಟರ್ ಉದ್ದದ ಸೋಗ್ನೆಫಿಯೋರ್ಡಿನ ಒಳಗವಲು ನೇರೊಯ್‌ಫಿಯೋರ್ಡ್ ಒಂದು ಕಡೆ ಬರೀ 250 ಮೀಟರ್ ಅಗಲವಿದೆ. ಅದೂ, 15 ಕಿಲೋಮೀಟರ್ ಉದ್ದದ ಗೈರಂಗರ್‌ಫಿಯೋರ್ಡೂ 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಎಂಟು ದಿನದಲ್ಲಿ ಇವೆರಡರಲ್ಲಿ ಒಂದನ್ನು ಚೆನ್ನಾಗಿ ನೋಡಿದರೆ ಸಾಕು.

ರೈಲು ಮತ್ತು ದೋಣಿಯ ಸುತ್ತು

ಬೆರ್ಗೆನ್‌ನಲ್ಲಿ ಎರಡು ರಾತ್ರಿ ಇದ್ದು ಪ್ರಯಾಣದ ದಣಿವು ಕಳೆದ ಮೇಲೆ, ಓಸ್ಲೋ ಕಡೆಯ ರೈಲು ಹತ್ತಿ ಮಿರ್ದಾಲ್‌ನಲ್ಲಿ ಇಳಿಯಿರಿ. ಸುಮಾರು ಎರಡು ಗಂಟೆಯ ದಾರಿ. ಅಲ್ಲಿಂದ ಫ್ಲೋಮ್ ರೈಲು 867 ಮೀಟರ್ ಎತ್ತರದಿಂದ ಬಹುತೇಕ ಸಮುದ್ರಮಟ್ಟಕ್ಕೆ, 20 ಕಿಲೋಮೀಟರಿನಲ್ಲಿ 20 ಸುರಂಗ ಹಾದು, ಒಂದು ಗಂಟೆಯೊಳಗೆ ಇಳಿಸುತ್ತದೆ. ನಡುವೆ ಶೋಸ್‌ಫೊಸ್ಸೆನ್ ಜಲಪಾತದ ಮುಂದೆ ಕೆಲವು ನಿಮಿಷ ನಿಲ್ಲುತ್ತದೆ. ಮಿರ್ದಾಲ್‌ಗೆ ಕಾರು ಬರುವ ರಸ್ತೆಯೇ ಇಲ್ಲ. ಬೆರ್ಗೆನ್ ರೈಲು ತಡವಾಗಿ ಸಂಪರ್ಕ ತಪ್ಪಿದರೆ ಚಳಿಗಾಳಿಯಲ್ಲಿ ಮುಂದಿನ ಗಾಡಿಗೆ ಕಾಯಬೇಕು, ಟ್ಯಾಕ್ಸಿ ಅನ್ನುವ ಮಾತೇ ಇಲ್ಲ. ಆದ್ದರಿಂದ ಎರಡೂ ರೈಲುಗಳನ್ನು ಒಂದೇ ಟಿಕೆಟ್ಟಿನಲ್ಲಿ ಕೊಳ್ಳಿ, ದಿನದ ಕೊನೆಯ ಗಾಡಿಯ ಮೇಲೆ ಯೋಜನೆ ಕಟ್ಟಬೇಡಿ.

ಫ್ಲೋಮ್‌ನಲ್ಲೋ, ಅಲ್ಲಿಂದ ಎಂಟೊಂಬತ್ತು ಕಿಲೋಮೀಟರ್ ದೂರದ ಆವುರ್‌ಲಾಂಡ್‌ನಲ್ಲೋ ಎರಡು ಮೂರು ರಾತ್ರಿ ಉಳಿಯಿರಿ. ಒಂದು ದಿನ ಗುಡ್ವಾಂಗೆನ್‌ವರೆಗೆ ದೋಣಿ. ಎರಡು ಗಂಟೆಯ ಈ ಪಯಣದ ಎರಡನೇ ಅರ್ಧವೇ ನೇರೊಯ್‌ಫಿಯೋರ್ಡ್. ಇಲ್ಲಿ ಓಡುವ ದೊಡ್ಡ ಪ್ರವಾಸಿ ದೋಣಿಗಳು ಬ್ಯಾಟರಿ ಚಾಲಿತ, ಸದ್ದಿಲ್ಲ, ಹೊಗೆಯಿಲ್ಲ, ವಯಸ್ಸಾದವರಿಗೆ ಒಳಗೆ ಬೆಚ್ಚನೆಯ ಆಸನಗಳಿವೆ. ವಾಪಸು ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ. ಇನ್ನೊಂದು ದಿನ ಫಿಯೋರ್ಡನ್ನು ಮೇಲಿಂದ ನೋಡಲು ಕಟ್ಟಿರುವ, 650 ಮೀಟರ್ ಎತ್ತರದ ಸ್ಟೇಗಸ್ಟೈನ್ ಅಟ್ಟಣೆಗೆ ಫ್ಲೋಮ್‌ನಿಂದ ಬಸ್ಸಿದೆ. ಅದನ್ನು ಸಂಜೆಗೆ ಇಟ್ಟುಕೊಂಡರೆ ಲಾಭ.

ಹಿಂದಿರುಗುವಾಗ ಮತ್ತೆ ರೈಲು ಬೇಡ. ಬೇಸಿಗೆಯ ತಿಂಗಳುಗಳಲ್ಲಿ ಫ್ಲೋಮ್‌ನಿಂದ ಬೆರ್ಗೆನ್‌ವರೆಗೆ ಎಕ್ಸ್‌ಪ್ರೆಸ್ ದೋಣಿ ಓಡುತ್ತದೆ, ಐದೂವರೆ ಗಂಟೆಯ ದಾರಿ. ನಡುವೆ ಬಾಲೆಸ್ಟ್ರಾಂಡ್‌ನಲ್ಲಿ ಇಳಿದು ಎರಡು ರಾತ್ರಿ ಕಳೆದು, ಮೂರನೇ ದಿನ ಅದೇ ದೋಣಿ ಹಿಡಿಯಬಹುದು. ಬಾಲೆಸ್ಟ್ರಾಂಡ್‌ನಲ್ಲಿ ಮಾಡಲೇಬೇಕಾದ್ದು ಅಂತ ಏನೂ ಇಲ್ಲ. ಅಪ್ಪ ಅಮ್ಮನಿಗೆ ಬೇಕಾದದ್ದೂ ಅದೇ. ದಂಡೆಯ ಮೇಲೆ ಸಮತಟ್ಟಾದ ದಾರಿ, ಹಳೆಯ ಮರದ ಮನೆಗಳು, ಎದುರಿಗೆ ಫಿಯೋರ್ಡ್.

ಹೆಚ್ಚಿನವರು ಕೆಡಿಸಿಕೊಳ್ಳುವುದು ಎಲ್ಲಿ ಗೊತ್ತೇ? ಇದೇ ಸುತ್ತನ್ನು ಬೆರ್ಗೆನ್‌ನಿಂದ ಒಂದೇ ದಿನದಲ್ಲಿ ಮುಗಿಸುವುದರಲ್ಲಿ. ವೋಸ್‌ಗೆ ರೈಲು, ಗುಡ್ವಾಂಗೆನ್‌ಗೆ ಬಸ್ಸು, ಫ್ಲೋಮ್‌ಗೆ ದೋಣಿ, ಮಿರ್ದಾಲ್‌ಗೆ ರೈಲು, ಮತ್ತೆ ಬೆರ್ಗೆನ್. ದಿನವಿಡೀ ಹತ್ತುವುದು ಇಳಿಯುವುದೇ ಆಗುತ್ತದೆ. ಮಳೆ ಬಂದರಂತೂ ಮುಗಿಯಿತು. ಬೆರ್ಗೆನ್‌ನಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಆಗುಂಬೆ ಕಡೆಯವರಿಗೆ ಅದು ದೊಡ್ಡ ಸಂಖ್ಯೆಯಲ್ಲ, ಆದರೆ ಇಲ್ಲಿಯದು ಒಂದೇ ಋತುವಿನಲ್ಲಿ ಸುರಿದು ಮುಗಿಯುವ ಮಳೆಯಲ್ಲ, ವರ್ಷದ ಯಾವ ದಿನವಾದರೂ ಬರಬಹುದಾದದ್ದು. ದಂಡೆಯಲ್ಲಿ ಮೂರು ರಾತ್ರಿ ಇದ್ದರೆ ಒಂದು ಹೊತ್ತಾದರೂ ಮೋಡ ಸರಿದೀತು. ಒಂದೇ ದಿನದ ಟಿಕೆಟ್ಟಿಗೆ ಆ ಅವಕಾಶವಿಲ್ಲ.

ಇನ್ನೊಂದು ಎಚ್ಚರಿಕೆ: ಬೇಸಿಗೆಯಲ್ಲಿ ಹಳಿ ದುರಸ್ತಿಗೆಂದು ಕೆಲವು ಕಡೆ ರೈಲು ನಿಲ್ಲಿಸಿ ಬಸ್ ಬಿಡುವುದುಂಟು. ದಿನಾಂಕ ಗೊತ್ತುಮಾಡುವ ಮೊದಲು ಎಂಟೂರ್ ಆ್ಯಪಿನಲ್ಲಿ ನೋಡಿಕೊಳ್ಳಿ. ದೇಶದ ರೈಲು, ಬಸ್ಸು, ದೋಣಿಗಳ ವೇಳಾಪಟ್ಟಿ ಅದೊಂದರಲ್ಲೇ ಸಿಗುತ್ತದೆ.

ಕಾರು ಯಾವಾಗ ಸರಿ

ಮೂರು ನಾಲ್ಕು ಜನರಿದ್ದು, ಇಬ್ಬರಾದರೂ ಓಡಿಸುವವರಿದ್ದು, ಗೈರಂಗರ್ ನೋಡಲೇಬೇಕೆಂದಿದ್ದರೆ ಕಾರು ತೆಗೆದುಕೊಳ್ಳಿ. ಗೈರಂಗರ್‌ಗೆ ರೈಲಿಲ್ಲ. ಹನ್ನೊಂದು ತಿರುವುಗಳ ಓರ್ನೆವೇಗನ್ ರಸ್ತೆ, ಸುಮಾರು 1500 ಮೀಟರ್ ಎತ್ತರದ ಡಾಲ್ಸ್‌ನಿಬ್ಬ ಬೆಟ್ಟ, ಹೆಲ್ಲೆಸಿಲ್ಟ್ ಊರಿಗೆ ಒಂದು ಗಂಟೆಯ ಕಾರು ಫೆರಿ ಎಲ್ಲವೂ ನಿಮ್ಮ ಸಮಯಕ್ಕೆ ಸಿಗುವುದು ಕಾರಿದ್ದಾಗ ಮಾತ್ರ. ಹೀಗೆ ಮಾಡುವುದಾದರೆ ಬೆರ್ಗೆನ್‌ಗಿಂತ ಗೈರಂಗರ್‌ಗೆ ಹತ್ತಿರದ ಓಲೆಸುಂಡ್ ಪಟ್ಟಣದಿಂದ ಶುರುಮಾಡಿ ಅಲ್ಲಿಗೇ ಮರಳುವುದು ಜಾಣತನ. ಒಂದು ಊರಲ್ಲಿ ಕಾರು ಹಿಡಿದು ಇನ್ನೊಂದು ಊರಲ್ಲಿ ಬಿಟ್ಟರೆ ಬೀಳುವ ಹೆಚ್ಚುವರಿ ಶುಲ್ಕ ಒಂದೆರಡು ದಿನದ ಬಾಡಿಗೆಯನ್ನೂ ಮೀರಬಹುದು.

ಆದರೆ ಕಾರಿನಲ್ಲಿ ಫಿಯೋರ್ಡ್ ಕಾಣುತ್ತದೆ ಅನ್ನುವುದು ಅರ್ಧ ಸತ್ಯ. ಫ್ಲೋಮ್‌ನಿಂದ ಗುಡ್ವಾಂಗೆನ್‌ಗೆ ಕಾರಿನಲ್ಲಿ ಹೋದರೆ ದಾರಿಯ ಬಹುಪಾಲು 5 ಮತ್ತು 11 ಕಿಲೋಮೀಟರ್ ಉದ್ದದ ಎರಡು ಸುರಂಗಗಳೇ. ನೇರೊಯ್‌ಫಿಯೋರ್ಡ್ ಪಕ್ಕದಲ್ಲೇ ಇದ್ದರೂ ನಿಮಗೆ ಕಾಣುವುದು ಕಾಂಕ್ರೀಟು. ಆವುರ್‌ಲಾಂಡ್‌ನಿಂದ ಲೇರ್ಡಾಲ್ ಕಡೆಗೆ ಹೊರಟರೆ 24.5 ಕಿಲೋಮೀಟರಿನ, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಅದರ ಮೇಲಿನ ಹಳೆಯ ಬೆಟ್ಟದ ರಸ್ತೆ ಚಂದ, ಹಿಮ ತೆರವಾದ ಮೇಲೆ ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆಯುತ್ತದೆ. ನೆನಪಿಡಿ, ಕಾರು ಇದ್ದರೂ ದೋಣಿಯ ಟಿಕೆಟ್ ಕೊಳ್ಳಲೇಬೇಕು.

ಲೆಕ್ಕ ತಪ್ಪುವುದು ದೂರದ ಅಂದಾಜಿನಲ್ಲಿ. ಊರಾಚೆ ವೇಗಮಿತಿ ಸಾಮಾನ್ಯವಾಗಿ 80, ಊರೊಳಗೆ 50, ತಿರುವುಗಳಲ್ಲಿ 40 ಕೂಡ ಕಷ್ಟ. ಗೈರಂಗರ್‌ನಿಂದ ಫ್ಲೋಮ್‌ಗೆ ಐದಾರು ಗಂಟೆ, ನಡುವೆ ಫೆರಿಯ ಸರದಿ ಬೇರೆ. ಎಂಟು ದಿನದಲ್ಲಿ ಎರಡನ್ನೂ ಸೇರಿಸಲು ಹೊರಟವರು ಎರಡನ್ನೂ ಗಾಜಿನೊಳಗಿಂದ ನೋಡಿ ಬರುತ್ತಾರೆ.

ಓಡಿಸುವವರು ಹೊರಡುವ ಮುನ್ನ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಊರಿನ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ರಸ್ತೆಯ ಬಲಗಡೆ ಓಡಿಸಬೇಕು, ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಗೇರ್ ಇಲ್ಲದ ಕಾರು ಬೇಕಿದ್ದರೆ ಬುಕಿಂಗ್‌ನಲ್ಲೇ ಕೇಳಿ. ಎಡಗೈಯಲ್ಲಿ ಗೇರ್ ಹಾಕಿ ರೂಢಿಯಾದವರಿಗೆ ಇಳಿಜಾರಿನ ತಿರುವಿನಲ್ಲಿ ಬಲಗೈ ಕಲಿಯುವುದು ಬೇಡದ ಸಾಹಸ. ಇಕ್ಕಟ್ಟಿನ ರಸ್ತೆಯಲ್ಲಿ ಎಮ್ ಅಕ್ಷರದ ನೀಲಿ ಫಲಕ ಕಂಡರೆ ಅದು ಎದುರು ಗಾಡಿಗೆ ದಾರಿ ಬಿಡುವ ಜಾಗ, ಫೋಟೊ ತೆಗೆಯಲು ನಿಲ್ಲಿಸುವ ಜಾಗ ಅಲ್ಲ. ಟೋಲ್‌ಗೇಟುಗಳಲ್ಲಿ ನಿಲ್ಲಬೇಕಿಲ್ಲ, ಕ್ಯಾಮೆರಾ ನಂಬರ್ ಓದಿ ಬಾಡಿಗೆ ಕಂಪನಿಯ ಮೂಲಕ ಬಿಲ್ ಕಳಿಸುತ್ತದೆ. ಕುಡಿತದ ಮಿತಿ ರಕ್ತದಲ್ಲಿ ಶೇ. 0.02. ಊಟದ ಜೊತೆ ಒಂದೇ ಗ್ಲಾಸು ಅನ್ನುವುದೂ ಬೇಡ.

ಪ್ರಸಿದ್ಧ ಟ್ರೋಲ್‌ಸ್ಟಿಗೆನ್ ರಸ್ತೆಯೊಂದನ್ನೇ ನಂಬಿ ದಾರಿ ಹಾಕಬೇಡಿ. 2024ರ ಬೇಸಿಗೆಯಲ್ಲಿ ಬಂಡೆ ಉರುಳುವ ಅಪಾಯದಿಂದ ಅದನ್ನು ಮುಚ್ಚಿಬಿಟ್ಟಿದ್ದರು.

ಕ್ರೂಸ್ ಯಾರಿಗೆ, ಗ್ರೂಪ್ ಟೂರ್ ಯಾರಿಗೆ

ಸೂಟ್‌ಕೇಸ್ ಎಳೆಯುವುದು, ರೈಲಿನ ಮೆಟ್ಟಿಲು ಹತ್ತುವುದು ನಿಜಕ್ಕೂ ಆಗದ ಹಿರಿಯರಿದ್ದರೆ ಕ್ರೂಸ್ ಒಳ್ಳೆಯದು. ಒಮ್ಮೆ ಬಟ್ಟೆ ಬಿಚ್ಚಿಟ್ಟರೆ ವಾರ ಮುಗಿಯುವವರೆಗೆ ಮುಟ್ಟಬೇಕಿಲ್ಲ. ಹಡಗನ್ನಲ್ಲ, ಅದು ನಿಲ್ಲುವ ಬಂದರುಗಳನ್ನು ನೋಡಿ ಆರಿಸಿ. ಬೆರ್ಗೆನ್, ಸ್ಟಾವಾಂಗರ್, ಓಲೆಸುಂಡ್ ಮಾತ್ರ ಇದ್ದರೆ ಅದು ಕರಾವಳಿ ಪಟ್ಟಣಗಳ ಪ್ರವಾಸ. ಫ್ಲೋಮ್, ಗೈರಂಗರ್, ಓಲ್ಡೆನ್‌ಗಳಲ್ಲಿ ಎರಡಾದರೂ ಇರಲಿ. ಹಡಗು ಫಿಯೋರ್ಡ್ ಒಳಹೊಗುವುದು ಹೆಚ್ಚಾಗಿ ಬೆಳಗಿನ ಜಾವ. ಮುಖ್ಯ ದೃಶ್ಯವೇ ಅದು, ತಿಂಡಿಗೆ ಎದ್ದವರಿಗೆ ತಪ್ಪಿಹೋಗುತ್ತದೆ. ಬಂದರಿನಲ್ಲಿ ಸ್ವಂತವಾಗಿ ಫ್ಲೋಮ್ ರೈಲು ಹತ್ತುವುದಾದರೆ ಟಿಕೆಟ್ ವಾರಗಳ ಮೊದಲೇ ತೆಗೆದಿರಿ, ಹಡಗು ಹೊರಡುವ ವೇಳೆಗಿಂತ ಎರಡು ಗಂಟೆ ಮೊದಲು ಮರಳುವ ಗಾಡಿಯನ್ನೇ ಹಿಡಿಯಿರಿ.

ಯುನೆಸ್ಕೋ ಫಿಯೋರ್ಡ್‌ಗಳಲ್ಲಿ 2026ರ ಜನವರಿಯಿಂದ 10,000 ಗ್ರಾಸ್ ಟನ್‌ಗಿಂತ ಚಿಕ್ಕ ಪ್ರಯಾಣಿಕ ಹಡಗುಗಳು ಹೊಗೆ ಉಗುಳದೆ ಓಡಬೇಕೆಂಬ ನಿಯಮವಿದೆ, ದೊಡ್ಡವಕ್ಕೆ 2032ರವರೆಗೆ ಕಾಲಾವಕಾಶ. ಆದ್ದರಿಂದ ಹಳೆಯ ಬರಹಗಳಲ್ಲಿರುವ ಮಾರ್ಗ ನಂಬದೆ ಈ ವರ್ಷದ ಮಾರ್ಗವನ್ನೇ ಕೇಳಿ. ಸೌತಾಂಪ್ಟನ್‌ನಿಂದ ಹೊರಡುವ ಹಡಗಾದರೆ ಬ್ರಿಟನ್ ವೀಸಾ ಮತ್ತು ನಾರ್ವೆಗೆ ಬೇಕಾದ ಷೆಂಗೆನ್ ವೀಸಾ ಎರಡೂ ಬೇಕು. ಕೀಲ್, ಹ್ಯಾಂಬರ್ಗ್, ಕೋಪನ್‌ಹೇಗನ್‌ನಿಂದಾದರೆ ಷೆಂಗೆನ್ ಒಂದೇ ಸಾಕು.

1893ರಿಂದ ಓಡುತ್ತಿರುವ ಹುರ್ಟಿಗ್ರೂಟೆನ್ ಕರಾವಳಿ ಹಡಗನ್ನು ಹಲವರು ಫಿಯೋರ್ಡ್ ಕ್ರೂಸ್ ಅಂದುಕೊಳ್ಳುತ್ತಾರೆ. ಬೆರ್ಗೆನ್‌ನಿಂದ ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೆ ಅದು ಹೆಚ್ಚಿನ ಹೊತ್ತು ಸಾಗುವುದು ದ್ವೀಪಗಳ ನಡುವಿನ ಹೊರ ಕರಾವಳಿಯಲ್ಲಿ. ನಡುರಾತ್ರಿ ಸೂರ್ಯನನ್ನು ನೋಡಬೇಕೆಂದರೆ ಅದು ಸರಿ. ಫಿಯೋರ್ಡೇ ಗುರಿಯಾದರೆ ಅಲ್ಲ. ಅಂದ ಹಾಗೆ ಬೆರ್ಗೆನ್‌ನಲ್ಲಿ ನಡುರಾತ್ರಿ ಸೂರ್ಯ ಕಾಣಿಸುವುದಿಲ್ಲ, ಅದಕ್ಕೆ ಆರ್ಕ್‌ಟಿಕ್ ವೃತ್ತ ದಾಟಲೇಬೇಕು. ಎಂಟು ದಿನದಲ್ಲಿ ಎರಡನ್ನೂ ಹೊಲಿಯಲು ಹೋಗಬೇಡಿ.

ಗ್ರೂಪ್ ಟೂರಿನ ಬ್ರೋಷರ್ ಕೈಗೆ ಬಂದರೆ ಮೊದಲು ರಾತ್ರಿ ತಂಗುವ ಊರುಗಳಿಗೆ ಗೆರೆ ಹಾಕಿ. ಗೈಲೋ ಬೆಟ್ಟದ ಮೇಲಿನ ಊರು, ವೋಸ್ ಇರುವುದು ಸರೋವರದ ದಂಡೆಯಲ್ಲಿ. ಎರಡೂ ಚಂದ, ಎರಡೂ ಫಿಯೋರ್ಡ್ ಅಲ್ಲ. ಮೂರು ನಾಲ್ಕು ದೇಶಗಳ ಟೂರಿನಲ್ಲಿ ನಾರ್ವೆಗೆ ಸಿಗುವ ಮೂರು ದಿನದಲ್ಲಿ ಫಿಯೋರ್ಡಿಗೆ ಉಳಿಯುವುದು ಒಂದು ಮಧ್ಯಾಹ್ನ. ದಿನಾ ಅನ್ನ ಸಾರು ಬೇಕೇ ಬೇಕು ಅನ್ನುವವರಿಗೆ ಮಾತ್ರ ನಾವು ಇದನ್ನು ಹೇಳುತ್ತೇವೆ.

ಅನ್ನ ಸಾರಿಗೆ ಬೇರೆ ದಾರಿಯೂ ಇದೆ. ಕ್ಯಾಂಪ್‌ಸೈಟುಗಳಲ್ಲಿ ಸಿಗುವ ಮರದ ಕ್ಯಾಬಿನ್‌ಗಳಲ್ಲಿ ಹಲವಕ್ಕೆ ಸ್ಟವ್ ಇರುತ್ತದೆ. ಹಾಸಿಗೆ ಹೊದಿಕೆಗೆ ಪ್ರತ್ಯೇಕ ದುಡ್ಡು ಕೇಳುವುದು ಸಾಮಾನ್ಯ. ಅಕ್ಕಿ, ತರಕಾರಿ, ಮೊಸರು ಇವೆಲ್ಲ ‘ಕಿವಿ’ (Kiwi), ‘ರೆಮಾ 1000’ ಎಂಬ ಹೆಸರಿನ ದಿನಸಿ ಅಂಗಡಿಗಳಲ್ಲಿ ಸಿಗುತ್ತವೆ, ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ. ಊರಿಂದ ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ ಬೇಡ: ಯುರೋಪಿನ ಹೊರಗಿಂದ ಹಾಲಿನ ಪದಾರ್ಥ ತರುವಂತಿಲ್ಲ. ಕುಡಿಯಲು ನಲ್ಲಿ ನೀರೇ ಸಾಕು.

ಮಕ್ಕಳ ರಜೆಗೆ ಹೊಂದಿಸಬೇಕಾದವರಿಗೆ ಒಂದು ಮಾತು. ನಮ್ಮ ಬೇಸಿಗೆ ರಜೆ ಮೇ ಕೊನೆಗೆ ಮುಗಿಯುತ್ತದೆ, ನಾರ್ವೆಯ ಬೇಸಿಗೆ ಶುರುವಾಗುವುದೇ ಆಮೇಲೆ. ಮೇ ಎರಡನೇ ಅರ್ಧದಲ್ಲಿ ಹೋಗುವುದಾದರೆ ಕಾರನ್ನು ಮರೆತುಬಿಡಿ, ಎತ್ತರದ ರಸ್ತೆಗಳಲ್ಲಿ ಹಲವು ಇನ್ನೂ ಹಿಮದಡಿ ಇರುತ್ತವೆ. ರೈಲು ದೋಣಿಯ ಸುತ್ತಿಗೆ ಮಾತ್ರ ಅದು ಒಳ್ಳೆಯ ಕಾಲ: ಹಿಮ ಕರಗಿ ಜಲಪಾತಗಳು ತುಂಬಿರುತ್ತವೆ, ಹಾರ್ಡಾಂಗರ್ ಫಿಯೋರ್ಡಿನ ದಂಡೆಯ ಸೇಬಿನ ತೋಟಗಳು ಹೂಬಿಡುತ್ತವೆ, ಬೆರ್ಗೆನ್‌ನಲ್ಲಿ ಮಳೆಯೂ ತುಸು ಕಡಿಮೆ. ಮೇ 17 ರಾಷ್ಟ್ರೀಯ ದಿನ, ಅಂಗಡಿ ಮುಂಗಟ್ಟು ಮುಚ್ಚಿರುತ್ತದೆ. ಆಗಸ್ಟಿಗೆ ಹೋದರೆ ಬೆಟ್ಟದ ರಸ್ತೆಗಳೆಲ್ಲ ತೆರೆದಿರುತ್ತವೆ, ಆದರೆ ಗೈರಂಗರ್‌ನ ಸೆವೆನ್ ಸಿಸ್ಟರ್ಸ್ ಜಲಪಾತ ಒಣ ವರ್ಷದಲ್ಲಿ ಎಳೆಗಳಾಗಿ ಇಳಿದಿರುತ್ತದೆ.

ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಫ್ಲೋಮ್, ಆವುರ್‌ಲಾಂಡ್‌ಗಳಲ್ಲಿ ಕೋಣೆಗಳೇ ಕಡಿಮೆ, ಜುಲೈನವು ಚಳಿಗಾಲದಲ್ಲೇ ತುಂಬತೊಡಗುತ್ತವೆ. ಹಾಗಾಗಿ ರದ್ದುಮಾಡಿದರೆ ಹಣ ಮರಳುವ ದರದಲ್ಲಿ ಮೊದಲು ಕೋಣೆ, ಆಮೇಲೆ ವೀಸಾ, ವೀಸಾ ಕೈಗೆ ಬಂದ ಮೇಲೆ ರೈಲು ಮತ್ತು ದೋಣಿಯ ಟಿಕೆಟ್.